ಅರ್ಧರಾತ್ರಿಯ ಕೊಡೆ

ಇದಕ್ಕೆ ಬಟ್ಟೆಯಿಲ್ಲ, ಕಡ್ಡಿಯಿಲ್ಲ, ಹಿಡಿಯಿಲ್ಲ.
ಮಳೆ ಬಂದರೆ ನೀವು ನೆನೆಯುವುದು ನೆನೆಯುವುದೇ.
ಮಿಶಿಗನ್ ಸರೋವರದ ದಂಡೆಯ ಈ ಊರಲ್ಲಿ
ಮೂವತ್ತೊಂದು ವರ್ಷದಿಂದ ಮಾರುತ್ತಿದ್ದೇನೆ,
ಒಂದನ್ನೂ ಯಾರಿಗೂ ಬಿಚ್ಚಿ ತೋರಿಸಿಲ್ಲ.

ವಾಂಡರ್‌ಮೋಲನ್‌ರ ಅಡುಗೆಮನೆಯಲ್ಲಿ ಕೂತು
ಆರ್ಲೀನ್ ಕೊಟ್ಟ ಕಾಫಿ ಆರುವ ತನಕ ಹೇಳಿದೆ:
ಕಾರಿನ ವಿಮೆಗೊಂದು ಮಿತಿ, ಮನೆಯದಕ್ಕೊಂದು.
ಅದು ತೀರಿದ ಮೇಲೆ ಕೋರ್ಟು
ನಿಮ್ಮ ಹಿತ್ತಿಲಿಗೆ ಕೈ ಹಾಕುತ್ತದೆ, ಬ್ಯಾಂಕಿಗೆ,
ಇನ್ನೂ ದುಡಿಯದ ಸಂಬಳಕ್ಕೆ.
ಅಲ್ಲಿಂದ ಮೇಲಕ್ಕೆ ಇದು, ಹತ್ತು ಲಕ್ಷ ಡಾಲರಿನವರೆಗೆ;
ವಕೀಲರ ಖರ್ಚೂ ನೋಡಿಕೊಳ್ಳುತ್ತದೆ.
ನಿಮ್ಮ ನಾಯಿ ಅಂಚೆಯವನನ್ನು ಕಚ್ಚಿದರೆ,
ನಿಮ್ಮ ಟ್ರ್ಯಾಂಪೊಲೀನಿನಿಂದ ಪಕ್ಕದ ಮನೆ ಹುಡುಗ
ಚಿಮ್ಮಿ ಬೇಲಿಯಾಚೆ ಬಿದ್ದರೆ,
ಯಾವುದೋ ಕೆಟ್ಟ ಗಳಿಗೆಯಲ್ಲಿ ನೀವು ಬರೆದದ್ದಕ್ಕೆ
ಯಾರದೋ ಮಾನ ಹೋದರೆ.

"ನನಗೇ ಪೆಟ್ಟಾದರೆ?" ಗೆರಿಟ್ ಕೇಳಿದ.
ಇಲ್ಲ.
"ನನ್ನ ದೋಣಿ ಮುಳುಗಿದರೆ?"
ದೋಣಿಗಲ್ಲ, ದೋಣಿ ತಾಗಿದವನಿಗೆ.
"ಬೇಕಂತಲೇ ಗುದ್ದಿದರೆ?"
ಅದಕ್ಕೂ ಇಲ್ಲ.
ಗೆರಿಟ್ ನಕ್ಕ, ಕೊಳಾಯಿ ರಿಪೇರಿಯವನ ದೊಡ್ಡ ನಗು.
"ಈಜುಕೊಳವಿಲ್ಲ, ಬಂಗಲೆಯಿಲ್ಲ ನನಗೆ.
ಐಶ್ವರ್ಯ ಬಂದ ಅಲ್ಪನ ಹಾಗೆ
ಅರ್ಧರಾತ್ರಿ ಕೊಡೆ ಹಿಡಿಯಲೇನಯ್ಯ?"

ಕಿಟಕಿಯಾಚೆ ಟೆಸ್.
ಹದಿನಾರು ತುಂಬಿ ಮೂರು ವಾರ,
ಲೈಸೆನ್ಸಿನ ಫೋಟೋದಲ್ಲಿ ಕಣ್ಣು ಅರೆಮುಚ್ಚಿದ ಹುಡುಗಿ,
ಅಪ್ಪನ ಹಳೇ ಪಿಕಪ್ಪನ್ನು
ಹಿಂದೆ ಮುಂದೆ, ಹಿಂದೆ ಮುಂದೆ ಮಾಡುತ್ತಿದ್ದಳು.
ಆರ್ಲೀನ್ ನನ್ನ ಕಾಗದ ನೋಡಲಿಲ್ಲ,
ಕಿಟಕಿ ನೋಡಿದಳು.

ಗುರುವಾರ ಒಬ್ಬಳೇ ಬಂದು ಸಹಿ ಹಾಕಿದಳು.
ಕಾರಿನ ವಿಮೆಯ ಮಿತಿಯನ್ನೂ ಏರಿಸಬೇಕಾಯಿತು,
ಇಲ್ಲದಿದ್ದರೆ ಈ ಕೊಡೆಗೆ ಕಾಲೂರಲು ನೆಲವಿಲ್ಲ.
ವರ್ಷಕ್ಕೆ ಮುನ್ನೂರ ಎಂಬತ್ತು.
ಸಂತೆಯಲ್ಲಿ ಜಾಮ್ ಮಾರಿದ ದುಡ್ಡು,
ನೋಟುಗಳಿಗೆ ಚೆರ್ರಿಯ ಅಂಟು.
"ಅವನಿಗೆ ಹೇಳಬೇಡಿ."

ನವೆಂಬರ್. ಹಿಮವೂ ಅಲ್ಲದ, ಮಳೆಯೂ ಅಲ್ಲದ ಸುರಿತ.
ಹನ್ನೊಂದೂ ಐವತ್ತಕ್ಕೆ ಸೇತುವೆಯ ಇಳಿಜಾರಲ್ಲಿ
ಪಿಕಪ್ ಜಾರಿತು.
ಎದುರಿಗೆ ಬಂದದ್ದು ಲೂಥರ್ ಪೆನ್ನಿಂಗ್ಟನ್ನನ ಕಾರು,
ಹಿಂದಿನ ಸೀಟಿನಲ್ಲಿ ಅವನ ಸಾಮಾನಿನ ಚೀಲ.
ಊರ ಪಿಯಾನೋಗಳಿಗೆಲ್ಲ ಶ್ರುತಿ ಕೂಡಿಸುವವನು.
ಬಲ ಮುಂಗೈ, ಮೂರು ಕಡೆ.
ಟೆಸ್‌ಗೆ ಒಂದು ಗೀರೂ ಇಲ್ಲ.

ಲೆಕ್ಕ ನನ್ನ ಮೇಜಿಗೂ ಬಂತು.
ಶಸ್ತ್ರಕ್ರಿಯೆ ನಾಲ್ಕು. ಆಮೇಲೆ,
ಉಳಿದ ಆಯುಷ್ಯದ ದುಡಿಮೆಯೆಲ್ಲ ಒಂದೇ ಸಾಲಿನಲ್ಲಿ,
ಸೊನ್ನೆಗಳ ಸಮೇತ.
ಕಾರಿನ ವಿಮೆ ಮೂರು ಲಕ್ಷಕ್ಕೆ ನಿಂತಿತು.
ಮಿಕ್ಕ ಐದೂವರೆಗೆ
ಸದ್ದಿಲ್ಲದೆ ಬಿಚ್ಚಿತು ಕೊಡೆ.

ಗೆರಿಟ್ ಬಂದ. ಟೋಪಿ ತೆಗೆದು ಮಂಡಿಯ ಮೇಲಿಟ್ಟ.
ಮನೆ ಉಳಿಯಿತು ಅಂದೆ. ದೋಣಿಯೂ.
ಬಹಳ ಹೊತ್ತಾದ ಮೇಲೆ,
"ಆ ವರ್ಷ ಚೆರ್ರಿ ಬಿಡಲೇ ಇಲ್ಲ ಅಂದಿದ್ದಳಲ್ಲ,"
ಅಂದ, ಟೋಪಿಯನ್ನು ತಿರುವುತ್ತ.

ಯಾರಿಗೆ ಬೇಕು ಇದು ಅಂತ ಕೇಳಿದರೆ
ಈಗ ನಾನು ಪಟ್ಟಿ ಓದುವುದಿಲ್ಲ.
ರಸ್ತೆಗಿಳಿಯುತ್ತೀರಾ, ಅನ್ನುತ್ತೇನೆ.

ನಮ್ಮ ಚರ್ಚಿನ ಪಿಯಾನೋ ಲೂಥರನ ಕೈಯದೇ.
ಎರಡು ಚಳಿಗಾಲ ದಾಟಿವೆ,
ಬೇರೆಯವರನ್ನು ಕರೆಸೋಣ ಎಂದು ಯಾರೂ ಬಾಯಿ ಬಿಟ್ಟಿಲ್ಲ.
ನಡುವಿನಲ್ಲಿ ಒಂದು ಬಿಳಿ ಮನೆ ಶ್ರುತಿ ಇಳಿದಿದೆ.
ಪ್ರತಿ ಭಾನುವಾರ, ಮೂರನೇ ಸಾಲಿಗೆ, ಅದು ಬರುತ್ತದೆ.
ಹಿಂದಿನ ಬೆಂಚಿನಲ್ಲಿ ಟೆಸ್
ಅದಕ್ಕೂ ಒಂದು ಉಸಿರು ಮುಂಚೆ ಹಾಡು ನಿಲ್ಲಿಸುತ್ತಾಳೆ.
ಮುಂದಿನ ಬೆಂಚಿನಲ್ಲಿ ಲೂಥರ್
ತಲೆ ತುಸು ವಾರೆ ಮಾಡುತ್ತಾನೆ, ಅಷ್ಟೇ.

ಆ ಒಂದು ಮನೆಗೆ
ನನ್ನ ಚೀಲದಲ್ಲಿ ಯಾವ ಕಾಗದವೂ ಇಲ್ಲ.